ಚಿಹ್ನೆ ಮೊದಲು, ಅಂಕಿ ಆಮೇಲೆ

ಭತ್ತ ಮಾರುವ ಹೊತ್ತಿಗೆ ಸಿಂಧನೂರಿನ ಮನೆಗೆ ಹೋಗಿದ್ದೆ. ರಜೆಯಲ್ಲಿ, ನಾನು ಕೋಡ್ ಬರೆಯುವ ಈಮ್ಯಾಕ್ಸ್ ಎಡಿಟರನ್ನು ನನಗೆ ಬೇಕಾದ ಹಾಗೆ ತಿದ್ದಿಕೊಳ್ಳುವ ಆಸೆ ಇತ್ತು. ಅದಕ್ಕೆ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬರಬೇಕು. ಲಿಸ್ಪ್‌ನಲ್ಲಿ 2 + 3 ಅಂತ ಬರೆಯುವಂತಿಲ್ಲ, (+ 2 3) ಅಂತಲೇ ಬರೆಯಬೇಕು. ವರ್ಷಗಟ್ಟಲೆ ಜಾವಾ ಬರೆದ ಕಣ್ಣಿಗೆ ಅದು ಒಗ್ಗುತ್ತಲೇ ಇರಲಿಲ್ಲ. ಪ್ರತಿ ಸಾಲನ್ನೂ ಮನಸ್ಸಿನಲ್ಲೇ ಹಳೇ ರೀತಿಗೆ ತಿರುಗಿಸಿಕೊಂಡು ಓದುತ್ತಿದ್ದೆ. ಆವರಣದೊಳಗೆ ಇನ್ನೊಂದು ಆವರಣ ಬಂತೆಂದರೆ ಎಲ್ಲಿದ್ದೇನೆ ಅಂತಲೇ ತಿಳಿಯುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಅಪ್ಪ ಅಡತಿ ಅಂಗಡಿಯ ಪಟ್ಟಿ ತಂದು ನನ್ನ ಮುಂದಿಟ್ಟರು. 75 ಕೆಜಿಯ 40 ಚೀಲ, ಅಂದರೆ 30 ಕ್ವಿಂಟಲ್. ಕ್ವಿಂಟಲಿಗೆ 2000 ರೂಪಾಯಿ. ಕೆಳಗೆ ‘ಕಡಿತ’ ಅಂತ ಒಂದೇ ಸಲ ಬರೆದು, ಅದರಡಿ ಚೀಲಕ್ಕೆ 20ರಂತೆ ಹಮಾಲಿ, ಲಾರಿ ಬಾಡಿಗೆ 2200. ಪ್ರತಿ ಅಂಕಿಯ ಹಿಂದೆ ಕಳೆಯುವ ಚಿಹ್ನೆ ಇಲ್ಲ. ಏನು ಮಾಡಬೇಕು ಅನ್ನೋದು ಮೇಲೆ, ಯಾವುದರ ಮೇಲೆ ಅನ್ನೋದು ಕೆಳಗೆ. ತಕ್ಷಣ ಈಮ್ಯಾಕ್ಸ್‌ನ ಸ್ಕ್ರ್ಯಾಚ್ ಪುಟದಲ್ಲಿ ಟೈಪ್ ಮಾಡಿದೆ:

(- (* 30 2000) (* 40 20) 2200)

ಕಂಟ್ರೋಲ್ ಹಿಡಿದು ಜೆ ಒತ್ತಿದೆ. ಕೆಳಗೆ 57000 ಬಂತು.

ಈ ಸಲ ನಾನು ಏನನ್ನೂ ತಿರುಗಿಸಿಕೊಳ್ಳಲಿಲ್ಲ. ಎಡದಿಂದ ಹಾಗೇ ಓದಿದೆ: ಕಳೆಯಬೇಕು, ಮೊದಲನೆಯದು ಒಟ್ಟು ಬೆಲೆ, ಅದರಿಂದ ಉಳಿದದ್ದೆಲ್ಲ ಹೋಗಬೇಕು. ಗುಣಾಕಾರ ಮೊದಲೋ ವ್ಯವಕಲನ ಮೊದಲೋ ಅನ್ನುವ ನಿಯಮವೇ ಇಲ್ಲಿ ಬೇಕಾಗಿಲ್ಲ. ಆವರಣವೇ ಅದನ್ನು ಹೇಳಿಬಿಡುತ್ತದೆ. ಅಷ್ಟು ದಿನ ನನ್ನನ್ನು ಕಾಡಿದ್ದ ಆವರಣಗಳು ಇಷ್ಟವಾಗತೊಡಗಿದ್ದು ಆಗಲೇ.

ಆಮೇಲೆ ಖುಷಿಗೆ ಏನೇನೋ ಹಾಕಿ ನೋಡಿದೆ. (< 10 14 17) ಅಂದರೆ ಮೂರೂ ಏರುಕ್ರಮದಲ್ಲಿವೆಯಾ ಅಂತ ಒಂದೇ ಏಟಿಗೆ ಉತ್ತರ. ಜಾವಾದಲ್ಲಿ ಇದಕ್ಕೆ ಎರಡು ಹೋಲಿಕೆ ಬರೆದು ಜೋಡಿಸಬೇಕು. ಏನನ್ನೂ ಕೊಡದೆ (+) ಅಂದರೆ 0, (*) ಅಂದರೆ 1. ಎಷ್ಟು ಅಚ್ಚುಕಟ್ಟು ಅಲ್ವಾ! ಕೂಡಲು ಏನೂ ಇಲ್ಲದಾಗ ಮೊತ್ತ ಸೊನ್ನೆಯೇ ಆಗಬೇಕು.

ಚಿಹ್ನೆಯನ್ನು ಮುಂದಿಡುವ ಪದ್ಧತಿ ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸಿಯೇವಿಚ್ 1924ರಲ್ಲಿ ಯೋಚಿಸಿದ್ದು. 1958ರಲ್ಲಿ ಲಿಸ್ಪ್ ಶುರು ಮಾಡಿದ ಜಾನ್ ಮೆಕಾರ್ಥಿ, ಜನ ಬರೆಯೋದಕ್ಕೆ ಬೇರೆ ರೂಪವನ್ನೇ ಕೊಡಬೇಕು ಅಂದುಕೊಂಡಿದ್ದರು. ಆದರೆ ದಿನಾ ಬಳಸುತ್ತಿದ್ದ ಪ್ರೋಗ್ರಾಮರುಗಳು ಆವರಣದ ರೂಪವನ್ನೇ ಹಿಡಿದುಕೊಂಡರು. ಅವರು ಯಾಕೆ ಬಿಡಲಿಲ್ಲ ಅನ್ನೋದು ನನಗೆ ಅವತ್ತು ಅರ್ಥವಾಯಿತು.

ಅಪ್ಪ ಸ್ಕ್ರೀನ್ ಕಡೆ ಬಗ್ಗಿ ನೋಡಿದರು. "ಗೊಬ್ಬರದಂಗಡಿ ಬಾಕಿ ಐದು ಸಾವಿರ ಐತಲ್ಲೋ, ಅದನ್ನ ಹಾಕಿಲ್ಲ?"

"ಈಗ ಹಾಕ್ತೀನಪ್ಪ" ಅಂದೆ.

ಕೊನೆಯ ಆವರಣ ಮುಚ್ಚುವ ಮೊದಲು, 2200 ಆದಮೇಲೆ ಒಂದು ಜಾಗ ಬಿಟ್ಟು 5000 ಸೇರಿಸಿದೆ. ಇನ್ನೊಂದು ಚಿಹ್ನೆ ಬೇಕಾಗಲಿಲ್ಲ, ಹಿಂದಿನ ಯಾವುದನ್ನೂ ಮುಟ್ಟಬೇಕಾಗಲಿಲ್ಲ. 52000 ಬಂತು. ಅಪ್ಪ ಪಟ್ಟಿಯ ಹಿಂದೆ ಪೆನ್ನಿನಿಂದ ತಾವೂ ಲೆಕ್ಕ ಹಾಕಿ ತಾಳೆ ನೋಡಿಕೊಂಡರು.