ಮೂರ್ನಾಡಿನ ಮಳೆಯಲ್ಲಿ ಎರಡನೇ ಪರದೆ

ಮಾನಿಟರಿನ ಕೇಬಲ್ ಮೈಸೂರಿನಲ್ಲೇ ಉಳಿದಿತ್ತು. ಅದು ಗೊತ್ತಾಗಿದ್ದು ಆಗಸ್ಟ್ 3ರ ಬೆಳಿಗ್ಗೆ ಎಂಟು ಗಂಟೆಗೆ. ಮೂರ್ನಾಡಿನ ಹತ್ತಿರ ಚಿಕ್ಕಮ್ಮನ ಮನೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಪಕ್ಕದಲ್ಲಿ ಎರಡನೇ ಪರದೆಯಾಗಿ ಜೊತೆಗೆ ಒಯ್ಯುವ ತೆಳು ಮಾನಿಟರ್ ನಿಲ್ಲಿಸಿ, ಇನ್ನೇನು ಕೂರಬೇಕು ಅಂತ ಇದ್ದೆ. ಬ್ಯಾಗಿನ ಎಲ್ಲ ಜೇಬೂ ತಡಕಿದೆ. ಬಟ್ಟೆ ಕೊಡವಿ ನೋಡಿದೆ. ಮೈಸೂರಿನ ಮನೆಯ ಮೇಜಿನ ಹಿಂದೆ ನೇತಾಡುತ್ತಿದ್ದ ಕಪ್ಪು ಕೇಬಲ್ ಆಗ ಕಣ್ಣಿಗೆ ಕಟ್ಟಿತು. ಸಂಜೆ ಏಳಕ್ಕೆ ಪುಸ್ತಕದ ಫೈಲು ಪ್ರೆಸ್ಸಿಗೆ ಹೋಗಬೇಕು. 64 ಪುಟ ಬಾಕಿ. ಹೊರಗೆ ಹಿಂದಿನ ರಾತ್ರಿ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ.

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ಚಿಕ್ಕಮ್ಮನಿಗೆ ಮಂಡಿ ಆಪರೇಷನ್ ಆಗಿ ಮೂರು ವಾರ ಆಗಿತ್ತು. ಮನೆಯಲ್ಲಿ ಅವರೊಬ್ಬರೇ. ಹತ್ತು ದಿನ ಜೊತೆಗಿದ್ದು ಬರೋಣ ಅಂತ ಕೆಲಸವನ್ನೂ ಕಟ್ಟಿಕೊಂಡು ಹೊರಟಿದ್ದೆ. ಕೊಡಗಿಗೆ ರೈಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ, ಅಲ್ಲಿಂದ ವಿರಾಜಪೇಟೆ ಬಸ್ಸು ಹಿಡಿದು ಮೂರ್ನಾಡು. ಸುಂಟಿಕೊಪ್ಪದ ಆಚೆ ತಿರುವುಗಳಲ್ಲಿ ಮೇಲಿನ ರ‍್ಯಾಕಿನ ಸಾಮಾನೆಲ್ಲ ಆ ಕಡೆ ಈ ಕಡೆ ಜಾರುತ್ತದೆ. ಹಾಗಾಗಿ ಮಾನಿಟರ್ ಇರುವ ಬ್ಯಾಗನ್ನು ನಾನು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ. ಪರದೆಯ ಮುಖ ಲ್ಯಾಪ್‌ಟಾಪಿನ ಕಡೆಗೆ, ಮಧ್ಯೆ ಒಂದು ದಪ್ಪ ಟವೆಲ್. ಮುಕ್ಕಾಲು ಕೆಜಿ ತೂಕದ ತೆಳ್ಳನೆಯ ಹಲಗೆ ಅದು. ಮೂಲೆಗೆ ಪೆಟ್ಟು ಬಿದ್ದರೆ ಪರದೆ ಹೋದ ಹಾಗೆಯೇ.

ಊರಿಗೆ ಹೋಗುವಾಗ ಅಷ್ಟು ತೂಕ ಯಾಕೆ ಹೊರಬೇಕು ಅಂತ ಹಲವರು ಕೇಳುತ್ತಾರೆ. ಒಂದೇ ಪರದೆಯನ್ನು ಎರಡು ಪಾಲು ಮಾಡಿಕೊಂಡರೆ ಸಾಲದಾ? ಇಂಗ್ಲಿಷ್ ಓದುವವರಿಗೆ ಸಾಲಬಹುದು. ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂರುತ್ತವೆ. ಮಹಾಪ್ರಾಣದ ಗೀಟು ಅಕ್ಷರದ ಬುಡದಲ್ಲಿ ಒಂದು ಕೂದಲೆಳೆಯಷ್ಟು. ಪುಟ ಚಿಕ್ಕದಾದರೆ ಮೊದಲು ಮಾಯವಾಗುವುದು ಇವೇ.

ಆಗ ನನ್ನ ಕೈಯಲ್ಲಿದ್ದದ್ದು ಮಲೆನಾಡಿನ ಬೇಸಾಯದ ಬದುಕಿನ ಮೇಲಿನ ಹಳೆಯ ಪ್ರಬಂಧಗಳ ಮರುಮುದ್ರಣ. ಮೊದಲ ಮುದ್ರಣದ ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಒಂದು ಕಡೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಆಮೇಲೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡಿಗೆ ಬದಲಾಯಿಸಿದ ಫೈಲು ಇನ್ನೊಂದು ಕಡೆ. ಈ ಬದಲಾವಣೆಯಲ್ಲಿ ಏನಾಗುತ್ತದೆ ಅಂತ ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರ ಆದ ಮೇಲೆ, ದಾಖಲಾಗಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ. ಅಲ್ಲಿ ‘ರ್’ ಮೊದಲು ಬರಬೇಕು. ಬದಲಾಯಿಸುವಾಗ ಇದನ್ನು ಸರಿಯಾಗಿ ನೋಡದಿದ್ದರೆ ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಇವನ್ನಾದರೂ ಹುಡುಕಿ ಹಿಡಿಯಬಹುದು. ಹಿಡಿಯಲು ಕಷ್ಟ ಇರುವುದು, ತಪ್ಪಾಗಿದ್ದೂ ಸರಿಯಾದ ಪದದ ಹಾಗೆಯೇ ಕಾಣುವವು. ಅವಕ್ಕೆ ಮೂಲ ಪುಟವನ್ನೂ ಹೊಸ ಪುಟವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ನೋಡುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ನನ್ನ ಮಾನಿಟರ್ 15.6 ಇಂಚಿನದು. ಅದನ್ನು ಉದ್ದುದ್ದ ನಿಲ್ಲಿಸಿದರೆ ಎತ್ತರ ಸುಮಾರು 34 ಸೆಂಟಿಮೀಟರ್, ಅಗಲ 19. ಡೆಮಿ ಅಷ್ಟದಳ ಅನ್ನುವ ಸಾಮಾನ್ಯ ಪುಸ್ತಕದ ಅಳತೆಯ ಪುಟ ಅಗಲದಲ್ಲಿ ಸುಮಾರು 14 ಸೆಂಟಿಮೀಟರ್, ಎತ್ತರದಲ್ಲಿ ಇಪ್ಪತ್ತೊಂದೂವರೆ. ಅಂದರೆ ಇಡೀ ಪುಟ ಒಂದೇ ನೋಟಕ್ಕೆ, ಅಚ್ಚಾದ ಪುಸ್ತಕಕ್ಕಿಂತ ದೊಡ್ಡದಾಗಿ ಕಾಣುತ್ತದೆ. 14 ಇಂಚಿನ ಲ್ಯಾಪ್‌ಟಾಪಿನ ಅರ್ಧ ಪರದೆಯಲ್ಲಿ ಅದೇ ಪುಟ ಪೂರ್ತಿ ಕಾಣಬೇಕು ಅಂದರೆ ಮುಕ್ಕಾಲಿಗೂ ಕಮ್ಮಿಯಾಗಿ ಕುಗ್ಗುತ್ತದೆ. ನನಗೆ ಎರಡನೇ ಪರದೆ ಬೇಕಾಗಿರುವುದು ಇದಕ್ಕೆ.

ಚಿಕ್ಕಮ್ಮ ಕುರ್ಚಿಯಿಂದಲೇ ಕೇಳಿದರು. “ಫೋನಿನ ಚಾರ್ಜರ್ ತಂತಿ ಆಗಲ್ವಾ? ಬಾಯಿ ಒಂದೇ ಥರ ಇದೆಯಲ್ಲ?”

ಹಾಕಿ ನೋಡಿದೆ. ಎರಡೂ ತುದಿ ಟೈಪ್-ಸಿ. ಮಾನಿಟರಿನ ದೀಪ ಹತ್ತಿತು. ಆಹಾ ಅಂದುಕೊಳ್ಳುವಷ್ಟರಲ್ಲಿ ಸಿಗ್ನಲ್ ಇಲ್ಲ ಅಂತ ಒಂದು ಸಾಲು ತೋರಿಸಿ ಪರದೆ ಕಪ್ಪಾಯಿತು. ಬಾಯಿ ಒಂದೇ ಥರ ಇದ್ದರೂ ಹೊಟ್ಟೆ ಬೇರೆ. ಟೈಪ್-ಸಿ ತುದಿಯಲ್ಲಿ 24 ಪಿನ್ನುಗಳಿಗೆ ಜಾಗ ಇದೆ. ಸಾಮಾನ್ಯ ಚಾರ್ಜಿಂಗ್ ಕೇಬಲಿನೊಳಗೆ ಕರೆಂಟು ಹರಿಯುವ ತಂತಿ, ಜೊತೆಗೆ ಹಳೆಯ ಯುಎಸ್‌ಬಿ 2.0 ವೇಗದ ತಂತಿ ಇಷ್ಟೇ ಇರುತ್ತವೆ. ಚಿತ್ರ ಹೋಗುವುದು ಹೆಚ್ಚು ವೇಗದ ಬೇರೆ ಜೋಡಿ ತಂತಿಗಳಲ್ಲಿ. ಅವು ಅದರೊಳಗೆ ಇರುವುದೇ ಇಲ್ಲ. ಲ್ಯಾಪ್‌ಟಾಪಿನ ಕಿಂಡಿಯೂ ಚಿತ್ರ ಕಳಿಸುವಂಥದ್ದೇ ಆಗಿರಬೇಕು. ಕಿಂಡಿಯ ಪಕ್ಕ ಡಿಸ್‌ಪ್ಲೇಪೋರ್ಟಿನ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ಭಯವಿಲ್ಲ. ನನ್ನದರಲ್ಲಿ ಗುರುತಿತ್ತು. ಇಲ್ಲದ್ದು ತಂತಿ ಮಾತ್ರ.

ಒಂದು ಗಂಟೆ ಅರ್ಧ ಪರದೆಯಲ್ಲೇ ಒದ್ದಾಡಿದೆ. ಆರು ಪುಟ ಆಯಿತು. ಕಣ್ಣು ಉರಿಯತೊಡಗಿತು. ಏಳನೇ ಪುಟದಲ್ಲಿ ಒಂದು ಇಡೀ ಸಾಲು ಬಿಟ್ಟುಹೋಗಿದ್ದನ್ನು ನಾನು ಗಮನಿಸಿರಲಿಲ್ಲ. ಇನ್ನೊಮ್ಮೆ ಮೇಲಿಂದ ನೋಡುವಾಗ ಸಿಕ್ಕಿತು. ಆಗ ನಿಜಕ್ಕೂ ಹೆದರಿಕೆಯಾಯಿತು. ಓದುಗರ ಕೈಗೆ ಹೋಗುವ ಪುಸ್ತಕ, ಬರೆದವರು ಈಗ ಇಲ್ಲ. ಅವರ ಸಾಲನ್ನು ಕಾಯುವವರು ಬೇರೆ ಯಾರೂ ಇಲ್ಲ.

“ತೋಟದ ಕೆಳಗಿನ ಮನೆಯ ಹುಡುಗ ಮದುವೆ ವಿಡಿಯೊ ತೆಗೀತಾನೆ. ಅವನ ಹತ್ರ ತಂತಿ ರಾಶಿ ಇರುತ್ತೆ. ಹೋಗಿ ಕೇಳು” ಅಂದರು ಚಿಕ್ಕಮ್ಮ.

ಮಳೆ ಸ್ವಲ್ಪ ಸಣ್ಣಗಾದಾಗ ಕೊಡೆ ಹಿಡಿದು ಇಳಿದೆ. ಕಾಫಿ ಗಿಡಗಳ ನಡುವೆ ಕಾಲುದಾರಿ ಪೂರ್ತಿ ಜಾರುತ್ತಿತ್ತು. ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯಿಂದ ನೀರು ದಾರವಾಗಿ ಸುರಿಯುತ್ತಿತ್ತು. ಹುಡುಗ ಮನೆಯಲ್ಲೇ ಇದ್ದ. ಮಳೆಗಾಲದಲ್ಲಿ ಅವನಿಗೆ ಕೆಲಸ ಕಮ್ಮಿ. ಕ್ಯಾಮೆರಾ ಲೆನ್ಸುಗಳಿಗೆ ಬೂಷ್ಟು ಹಿಡಿಯದ ಹಾಗೆ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಜೋಡಿಸಿ ಇಟ್ಟಿದ್ದ. ಆ ಅಚ್ಚುಕಟ್ಟು ನೋಡಿ ನನಗೆ ಗೌರವ ಬಂತು. ವಿಷಯ ಹೇಳಿದೆ.

“ಮಾನಿಟರ್‌ಗೆ ಅಂತ ಕೇಬಲ್ ನನ್ನ ಹತ್ರ ಇಲ್ಲ ಅಕ್ಕ. ಆದ್ರೆ ಇದನ್ನ ಹಾಕಿ ನೋಡಿ” ಅಂತ ಒಂದು ಗೇಣುದ್ದದ ದಪ್ಪ ತಂತಿ ಕೊಟ್ಟ. ಅವನ ಎಸ್‌ಎಸ್‌ಡಿ ಡಿಸ್ಕಿನದು. “ಡೇಟಾ ಜೋರಾಗಿ ಹೋಗೋ ತಂತಿ. ಚಿತ್ರಾನೂ ಹೋಗಬಹುದು.” ಬಾಗಿಲ ತನಕ ಬಂದವನು ಮತ್ತೆ ಒಳಗೆ ಹೋಗಿ ಇನ್ನೊಂದನ್ನೂ ತಂದ. ಒಂದು ತುದಿ ದೊಡ್ಡ ಎಚ್‌ಡಿಎಂಐ, ಇನ್ನೊಂದು ತುದಿ ಮಿನಿ. “ಇದು ಕ್ಯಾಮೆರಾದ್ದು. ಇದೂ ಇರಲಿ, ಮಳೆಯಲ್ಲಿ ಮತ್ತೆ ಯಾಕೆ ಬರ್ತೀರಿ?”

ಮನೆಗೆ ಬಂದು ಕೈ ಒರೆಸಿಕೊಂಡು ಗೇಣುದ್ದದ ತಂತಿ ಸಿಕ್ಕಿಸಿದೆ. ಎರಡು ಕ್ಷಣ ಕಪ್ಪು. ಆಮೇಲೆ ಪರದೆ ಬೆಳಗಿತು. ಚಿಕ್ಕಮ್ಮ ಚಪ್ಪಾಳೆ ತಟ್ಟಿದರು.

ವಿಂಡೋಸ್ ಕೀ ಜೊತೆ ಪಿ ಒತ್ತಿ, ಪರದೆಯನ್ನು ವಿಸ್ತರಿಸುವ ಆಯ್ಕೆ ತೆಗೆದುಕೊಂಡೆ. ಇನ್ನೊಂದು ಆಯ್ಕೆ ಎರಡರಲ್ಲೂ ಒಂದೇ ಚಿತ್ರ ತೋರಿಸುವುದು, ಅದರಿಂದ ನನಗೆ ಪ್ರಯೋಜನವಿಲ್ಲ. ಸೆಟ್ಟಿಂಗಿನಲ್ಲಿ ಮಾನಿಟರನ್ನು ಉದ್ದುದ್ದಕ್ಕೆ ತಿರುಗಿಸಿ, ಅದು ಎಡಕ್ಕಿದೆ ಅಂತ ಎಳೆದು ಕೂರಿಸಿದೆ. ಮೇಜಿನ ಮೇಲೆ ಇರುವ ಜಾಗವೂ ಸೆಟ್ಟಿಂಗಿನಲ್ಲಿ ಇರುವ ಜಾಗವೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಮೌಸಿನ ಬಾಣ ಎಲ್ಲಿ ಹೋಯಿತು ಅಂತ ದಿನವಿಡೀ ಹುಡುಕಬೇಕಾಗುತ್ತದೆ. ಮಾನಿಟರಿನ ಕವರಿನ ಸ್ಟ್ಯಾಂಡು ಉದ್ದುದ್ದ ನಿಲ್ಲುವುದಿಲ್ಲ. ಅಕ್ಕಿ ಡಬ್ಬಕ್ಕೆ ಒರಗಿಸಿ, ಕೆಳಗೆ ಜಾರದ ಹಾಗೆ ಒದ್ದೆ ಬಟ್ಟೆ ಹಿಂಡಿ ಮಡಚಿ ಇಡುವುದಕ್ಕೆ ಹೋದೆ. ಚಿಕ್ಕಮ್ಮ ಬೇಡ ಅಂದು ರಬ್ಬರ್ ಚಾಪೆಯ ತುಂಡು ಕೊಡಿಸಿದರು. ಅದೇ ಸರಿ.

ಕೆಲಸ ಓಡಿತು. ಗಂಟೆಗೆ ಹನ್ನೊಂದು ಪುಟ. ಅಡುಗೆಮನೆಯಲ್ಲಿ ಮದ್ದು ಸೊಪ್ಪು ಕುದಿಯುತ್ತಿತ್ತು. ಆಗಸ್ಟ್ 3 ಅಂದರೆ ಕೊಡಗಿನಲ್ಲಿ ಕಕ್ಕಡ ಹದಿನೆಂಟು, ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ. ಕುದಿಸಿದ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಲು ಹಾಕಿ ಪಾಯಸ. ಮನೆಕೆಲಸಕ್ಕೆ ಬರುವ ಅಕ್ಕ ಒಲೆಯ ಮುಂದೆ, ಚಿಕ್ಕಮ್ಮ ಕುರ್ಚಿಯಿಂದ ಅಳತೆ ಹೇಳುತ್ತಾ. ಆ ಸೊಪ್ಪಿನ ವಾಸನೆ ಮನೆ ತುಂಬ.

ಹನ್ನೆರಡೂವರೆಗೆ ಕರೆಂಟು ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಅಂಥ ಮಳೆಯಲ್ಲಿ ಲೈನ್‌ಮನ್‌ಗಳು ಕಂಬ ಹತ್ತಬೇಕು, ಬೇಗ ಬರಲಿ ಅಂತ ಕೇಳಲೂ ಮನಸ್ಸು ಬರುವುದಿಲ್ಲ.

ಒಂದು ತಂತಿಯಲ್ಲಿ ಎಲ್ಲ ನಡೆಯುವುದು ಅನುಕೂಲ. ಆದರೆ ಆಗ ಮಾನಿಟರ್ ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಕುಡಿಯುತ್ತದೆ. ಲೆಕ್ಕ ಹಾಕಿದೆ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ 50 ವಾಟ್-ಅವರ್. ಬರೀ ಓದು ತಿದ್ದುಪಡಿಗೆ ಸುಮಾರು 7 ವಾಟ್ ಬೇಕು, ಏಳು ಗಂಟೆ ಬರುತ್ತದೆ. ಮಾನಿಟರಿಗೆ ಇನ್ನೊಂದು 7 ವಾಟ್ ಸೇರಿದರೆ ನಾಲ್ಕು ಗಂಟೆಯೂ ಬರುವುದಿಲ್ಲ. ಬಾಕಿ ಇದ್ದದ್ದು ಇನ್ನೂ 42 ಪುಟ. ಫೈಲು ಕಳಿಸುವುದಕ್ಕೂ ಚಾರ್ಜು ಉಳಿಯಬೇಕು.

ಆಗ ಕ್ಯಾಮೆರಾ ಕೇಬಲ್ ನೆನಪಾಯಿತು. ಎಚ್‌ಡಿಎಂಐ ಚಿತ್ರ, ಧ್ವನಿ ಮಾತ್ರ ಸಾಗಿಸುತ್ತದೆ, ಮಾನಿಟರ್ ನಡೆಸುವಷ್ಟು ಕರೆಂಟು ಕೊಡುವುದಿಲ್ಲ. ಇಷ್ಟು ದಿನ ಅದನ್ನು ನಾನು ಕೊರತೆ ಅಂತಲೇ ತಿಳಿದಿದ್ದೆ. ಕರೆಂಟಿಲ್ಲದ ಮನೆಯಲ್ಲಿ ಅದೇ ಬೇಕಾಗಿದ್ದು. ಚಿತ್ರಕ್ಕೆ ಹುಡುಗನ ಮಿನಿ ಎಚ್‌ಡಿಎಂಐ ಹಾಕಿದೆ. ಕರೆಂಟಿಗೆ ನನ್ನ ಪವರ್ ಬ್ಯಾಂಕ್. ಅದರಿಂದ ಮಾನಿಟರಿಗೆ ಬೆಳಿಗ್ಗೆ ಕೈಕೊಟ್ಟಿದ್ದ ಅದೇ ಚಾರ್ಜರ್ ತಂತಿ. ಈ ಕೆಲಸಕ್ಕೆ ಅದು ಸರಿಯಾಗಿ ಸಾಕು. 20,000 ಎಂಎಎಚ್ ಅಂದರೆ 74 ವಾಟ್-ಅವರ್. ವೋಲ್ಟೇಜ್ ಬದಲಾಗುವಾಗ ಒಂದಿಷ್ಟು ಸೋರಿ ಹೋಗುತ್ತದೆ. ಆದರೂ ಬೆಳಕು ಮೂವತ್ತಕ್ಕೆ ಇಳಿಸಿದರೆ ಎಂಟು ಗಂಟೆಗೆ ಮೋಸವಿಲ್ಲ. ಮಳೆಗಾಲದ ಕತ್ತಲೆ ಮನೆಯಲ್ಲಿ ಮೂವತ್ತು ಧಾರಾಳವಾಯಿತು. ಇದೇ ಮಾನಿಟರನ್ನು ಫೆಬ್ರುವರಿಯಲ್ಲಿ ಕಾಫಿ ಒಣಗಿಸುವ ಕಣದ ಪಕ್ಕ ಇಟ್ಟುಕೊಂಡು ಕೂತಿದ್ದಾಗ ನೂರಕ್ಕೆ ಏರಿಸಿದರೂ ನನ್ನ ಮುಖವೇ ಕಾಣುತ್ತಿತ್ತು.

ಲ್ಯಾಪ್‌ಟಾಪ್ ಉಳಿಯಿತು. ಕಣ್ಣು ಉಳಿಯಲಿಲ್ಲ. ಮೂರು ಗಂಟೆಯ ಹೊತ್ತಿಗೆ ಸಾಲುಗಳು ಕಲೆಸಿ ಕಾಣತೊಡಗಿದವು.

“ನಾನು ಓದಿ ಹೇಳ್ಲಾ?” ಅಂದರು ಚಿಕ್ಕಮ್ಮ.

ನನಗೆ ಹೊಳೆದೇ ಇರಲಿಲ್ಲ. ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ ಕರಡು ತಿದ್ದುತ್ತಿದ್ದದ್ದು ಇಬ್ಬರು. ಒಬ್ಬರು ಹಸ್ತಪ್ರತಿ ಹಿಡಿದು ಜೋರಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಿದ್ದುವುದು. ನಾನು ಒಬ್ಬಳೇ ಎರಡೂ ಕೆಲಸ ಮಾಡುತ್ತಾ ಬಂದಿದ್ದೆ. ಹುಡುಗನ ಕ್ಯಾಮೆರಾ ಕೇಬಲ್ ಎರಡು ಮಾರು ಉದ್ದವಿತ್ತು. ಅಕ್ಕಿ ಡಬ್ಬದ ಸಮೇತ ಮಾನಿಟರನ್ನು ಚಿಕ್ಕಮ್ಮನ ಕಡೆಗೆ ತಿರುಗಿಸಿ ಇಟ್ಟೆ. ಅವರು ಮಂಡಿಯ ಕೆಳಗೆ ದಿಂಬು ಸರಿಪಡಿಸಿಕೊಂಡು, ಕನ್ನಡಕ ಹಾಕಿಕೊಂಡು, 190ನೇ ಪುಟದಿಂದ ಶುರು ಮಾಡಿದರು. ಪುಟ ಮುಗಿದಾಗ “ಹೂಂ” ಅನ್ನುತ್ತಿದ್ದರು, ನಾನು ಇಲ್ಲಿಂದ ಮುಂದಿನ ಪುಟ ತರುತ್ತಿದ್ದೆ.

ಚಿಕ್ಕಮ್ಮ ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದವರು. ಅಲ್ಪಪ್ರಾಣ ಮಹಾಪ್ರಾಣ ಅವರ ನಾಲಿಗೆಯಲ್ಲಿ ಬೇರೆ ಬೇರೆಯಾಗಿಯೇ ನಿಂತಿವೆ. ನೆರೆ ಬಂದ ವರ್ಷದ ಕತೆ ಓದುತ್ತಿದ್ದರು. “ದನವೆಲ್ಲ ಹೊಳೆಯ ಪಾಲಾಯಿತು” ಅಂತ ಓದಿದರು. ನನ್ನ ಪರದೆಯಲ್ಲಿ ‘ಧನವೆಲ್ಲ’ ಅಂತ ಇತ್ತು.

“ಚಿಕ್ಕಮ್ಮ, ಇನ್ನೊಂದ್ಸಲ ಓದಿ.”

“ದನ. ದನ ಕರು. ಗೀಟಿಲ್ಲ ಇಲ್ಲಿ.”

ಎದ್ದು ಹೋಗಿ ಅವರ ಪರದೆಯನ್ನು ದೊಡ್ಡದು ಮಾಡಿ ನೋಡಿದೆ. ಗೀಟಿರಲಿಲ್ಲ. ಟೈಪ್ ಮಾಡಿದವರು ಒಂದು ಗೀಟು ಸೇರಿಸಿಬಿಟ್ಟಿದ್ದರು. ಕೊಟ್ಟಿಗೆ ಖಾಲಿಯಾದ ಮನೆಯ ದುಃಖ ಅದು. ಹಣ ಕಳೆದುಕೊಂಡ ಮನೆಯ ದುಃಖ ಆಗಿಹೋಗಿತ್ತು. ಎರಡೂ ಅರ್ಥ ಆ ಸಾಲಿಗೆ ಹೊಂದುತ್ತವೆ. ನಾನು ಒಬ್ಬಳೇ ನೋಡಿದ್ದರೆ, ಆ ಆಯಾಸದಲ್ಲಿ, ಖಂಡಿತ ಮುಂದೆ ಹೋಗುತ್ತಿದ್ದೆ.

ಚಿಕ್ಕಮ್ಮ ಸ್ವಲ್ಪ ಹೊತ್ತು ಓದಲಿಲ್ಲ. ಅವರ ತವರಿನಲ್ಲೂ ಒಂದು ಮಳೆಗಾಲದಲ್ಲಿ ಎರಡು ಹಸು ಹೋಗಿದ್ದವಂತೆ. ಅವುಗಳ ಹೆಸರು ಹೇಳಿದರು. ಆಮೇಲೆ ಮುಂದಿನ ಸಾಲು.

ಆರೂವರೆಗೆ ಕೊನೆಯ ಪುಟ ಮುಗಿಯಿತು. ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಇತ್ತು. ಹಾಟ್‌ಸ್ಪಾಟ್ ಹಾಕಿ ಫೈಲು ಕಳಿಸಿದೆ. ಬರೀ ಪಠ್ಯ, ತೂಕವಿಲ್ಲ, ಏಳಕ್ಕೆ ಮೊದಲೇ ಹೋಯಿತು. ಲ್ಯಾಪ್‌ಟಾಪಿನಲ್ಲಿ ನೂರಕ್ಕೆ ಹದಿನೆಂಟು ಉಳಿದಿತ್ತು. ಪವರ್ ಬ್ಯಾಂಕಿನ ನಾಲ್ಕು ದೀಪಗಳಲ್ಲಿ ಎರಡು ಇನ್ನೂ ಉರಿಯುತ್ತಿದ್ದವು.

ಕರೆಂಟು ಬಂದಿರಲಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಇಬ್ಬರೂ ನೇರಳೆ ಬಣ್ಣದ ಪಾಯಸ ತಿಂದೆವು. ಹುಡುಗನಿಗೂ ಒಂದು ಡಬ್ಬಿ ತುಂಬಿಸಿ ಇಟ್ಟೆ, ಬೆಳಿಗ್ಗೆ ಕೇಬಲ್ ಜೊತೆ ಕೊಡೋಣ ಅಂತ. ನಾನು ಮಾನಿಟರಿನ ತಂತಿ ಸುತ್ತಲು ಎದ್ದೆ.

“ಎಷ್ಟು ಪುಟದ ಪುಸ್ತಕ ಅದು?” ಅಂತ ಚಿಕ್ಕಮ್ಮ ಕೇಳಿದರು.

“212.”

“ನಾನು ಓದಿದ್ದು 190ರಿಂದ. ಅದಕ್ಕೆ ಮುಂಚಿನದು ಏನಿದೆ?”

ಪವರ್ ಬ್ಯಾಂಕಿನ ಕಡೆ ನೋಡಿದೆ. ಲ್ಯಾಪ್‌ಟಾಪಿನ ಸ್ವಂತ ಪರದೆಯನ್ನು ಆರಿಸಿದೆ, ಒಂದು ಗಂಟೆಯಾದರೂ ಬರಲಿ ಅಂತ. ಮೊದಲನೇ ಪುಟ ತೆಗೆದು ಮಾನಿಟರನ್ನು ಮತ್ತೆ ಅಕ್ಕಿ ಡಬ್ಬಕ್ಕೆ ಒರಗಿಸಿದೆ. ಚಿಕ್ಕಮ್ಮ ಕನ್ನಡಕ ಒರೆಸಿಕೊಂಡರು.