ಪಟ್ಟೆ ಯಾಕೆ?

ನಿನ್ನೆ ರಾತ್ರಿ ಜೀಬ್ರಾದ ಒಂದು ಫೋಟೊ ನೋಡುತ್ತಾ ಸುಮ್ನೆ ಕುಳಿತಿದ್ದೆ. ಆ ಪಟ್ಟೆಗಳು ಸಿಂಹದ ಕಣ್ಣು ತಪ್ಪಿಸೋಕೆ ಅಂತಲೇ ಚಿಕ್ಕಂದಿನಿಂದ ನಂಬಿದ್ದೆ. ಆದರೆ ಹಗಲಲ್ಲೂ ಸುಮಾರು 50 ಮೀಟರ್ ದಾಟಿದರೆ ಸಿಂಹದ ಕಣ್ಣಿಗೆ ಪಟ್ಟೆ ಬೇರೆಯಾಗಿ ಕಾಣುವುದೇ ಕಷ್ಟವಂತೆ. ಅಷ್ಟು ಹತ್ತಿರ ಬರುವ ಹೊತ್ತಿಗೆ ಸಿಂಹಕ್ಕೆ ಜೀಬ್ರಾದ ವಾಸನೆ, ಸದ್ದು ಎರಡೂ ಸಿಕ್ಕಿರುತ್ತದೆ ಅಲ್ವಾ?

ಪಟ್ಟೆ ಇರುವುದು ನೊಣ ಮೈಮೇಲೆ ಕೂರದಂತೆ ತಡೆಯೋಕೆ ಅನ್ನುವುದಕ್ಕೇ ಈಗ ಜಾಸ್ತಿ ಪುರಾವೆ ಇದೆ. ರಕ್ತ ಹೀರುವ, ರೋಗ ಹರಡುವ ನೊಣಗಳು. 2019ರಲ್ಲಿ ಜೀವವಿಜ್ಞಾನಿ ಟಿಮ್ ಕ್ಯಾರೊ ಮತ್ತು ಅವರ ಜೊತೆಗಾರರು ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಕಪ್ಪು, ಬಿಳಿ, ಪಟ್ಟೆ ಹೀಗೆ ಬೇರೆ ಬೇರೆ ಹೊದಿಕೆ ತೊಡಿಸಿ ನೋಡಿದರು. ಪಟ್ಟೆ ಹೊದಿಕೆಯ ಮೇಲೆ ಕೂತ ನೊಣಗಳು ತುಂಬಾ ಕಡಿಮೆ. ಆದರೆ ಹೊದಿಕೆಯಿಲ್ಲದ ತಲೆಯ ಮೇಲೆ ಮಾತ್ರ ವ್ಯತ್ಯಾಸವೇ ಇರಲಿಲ್ಲ! ಅಂದರೆ ಕುದುರೆ ಅದೇ, ವಾಸನೆಯೂ ಅದೇ, ಬದಲಾಗಿದ್ದು ಮೈಮೇಲಿನ ಗೆರೆ ಅಷ್ಟೇ. ನನಗೆ ತುಂಬಾ ಹಿಡಿಸಿದ್ದು ಇದೇ ವಿವರ.

ನಿಜವಾದ ಜೀಬ್ರಾಗಳ ಹತ್ತಿರಕ್ಕೂ ನೊಣಗಳು ಕುದುರೆಗಳ ಹತ್ತಿರ ಬಂದಷ್ಟೇ ಬಂದವಂತೆ. ಇಳಿಯುವ ಕೊನೆಯ ಗಳಿಗೆಯಲ್ಲಿ ವೇಗ ತಗ್ಗಿಸಲಾಗದೆ ಹಾಗೇ ಹಾರಿಹೋಗುತ್ತವೆ, ಇಲ್ಲವೇ ಮೈಗೆ ಡಿಕ್ಕಿ ಹೊಡೆಯುತ್ತವೆ. ಅದೇ ವರ್ಷ ಜಪಾನಿನಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದು ನೋಡಿದರು. ಮೈಮೇಲೆ ಕೂರುವ ನೊಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಔಷಧಿ ಸಿಂಪಡಿಸದೆ, ಬರೀ ಬಣ್ಣದಿಂದ! ಓದಿ ಎಷ್ಟು ಖುಷಿಯಾಯಿತೋ.

ಮತ್ತೆ ಆ ಫೋಟೊ ತೆಗೆದು ನೋಡಿದೆ. ಈ ಸಲ ನನ್ನ ಕಣ್ಣು ಹುಡುಕಿದ್ದು ಸಿಂಹವನ್ನಲ್ಲ, ನೊಣವನ್ನು.