ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಬೆಳಗ್ಗೆ ಆರೂವರೆಗೆ ನಮ್ಮ ನಾಲ್ವರ ಸರದಿ. ದೇವನಹಳ್ಳಿ ದಾಟಿ ಇನ್ನಷ್ಟು ದೂರ ಹೋದರೆ ಸಿಗುವ ಗಾಲ್ಫ್ ಮೈದಾನ ಅದು. ನಂದಿ ಬೆಟ್ಟದ ನೆತ್ತಿ ಇನ್ನೂ ಮಂಜಿನೊಳಗಿತ್ತು. ಮೊದಲ ಹೋಲ್‌ನ ಬಳಿ ನಿಂತು ಕೈಗವಸು ಎಳೆದುಕೊಳ್ಳುತ್ತಾ ನಮ್ಮ ಕಚೇರಿಯ ಹಿರಿಯರು, "ಎಲ್ಲರೂ ಬ್ಲೂನಿಂದಲೇ ತಾನೆ?" ಎಂದರು. ಕೇಳುವುದಕ್ಕೆ ಪ್ರಶ್ನೆಯಂತಿದ್ದರೂ ಅದು ತೀರ್ಮಾನವೇ ಆಗಿತ್ತು. ನಾನು "ಹೌದು ಸರ್" ಎಂದೆ. ಐವತ್ತಕ್ಕೆ ಬಂದು ಗಾಲ್ಫ್ ಹಿಡಿದವನು ನಾನು. ಕಲಿತ ಎರಡು ವರ್ಷಗಳಲ್ಲಿ ಮುಕ್ಕಾಲು ಪಾಲು ಕಳೆದದ್ದು ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ನ ಚಾಪೆಯ ಮೇಲೆ. ಹದಿನೆಂಟೂ ಹೋಲ್ ಆಡಿದ್ದು ಬೆರಳೆಣಿಕೆಯಷ್ಟು ಸಲ. ಆದರೂ ಹೌದು ಎಂದೆ.

ಈ ಆಟದ ಗೊಡವೆಗೆ ಹೋಗದವರಿಗೆ ಒಂದು ಮಾತು. ಟೀ ಎಂಬ ಒಂದೇ ಪದ ಇಲ್ಲಿ ಎರಡು ಕೆಲಸ ಮಾಡುತ್ತದೆ. ಚೆಂಡನ್ನು ಕೂರಿಸುವ ಮರದ ಮೊಳೆಯೂ ಟೀ, ಆ ಮೊಳೆಯನ್ನು ಊರುವ ಹುಲ್ಲಿನ ಕಟ್ಟೆಯೂ ಟೀ. ಕಟ್ಟೆಯಿಂದ ಗುಂಡಿಯವರೆಗಿನ ಒಂದು ದಾರಿಗೆ ಹೋಲ್ ಎನ್ನುತ್ತಾರೆ. ಒಂದೊಂದು ಹೋಲ್‌ಗೂ ಇಂಥ ನಾಲ್ಕೈದು ಕಟ್ಟೆಗಳಿರುತ್ತವೆ, ಒಂದರ ಮುಂದೆ ಒಂದು. ಅಲ್ಲಿ ಕಪ್ಪು, ನೀಲಿ, ಬಿಳಿ, ಕೆಂಪು ಬಣ್ಣದ ಗುರುತುಗಳು. ನಾವು ಆಡಿದ ಮೈದಾನ ಕಪ್ಪಿನಿಂದ ಸುಮಾರು 7,000 ಗಜ, ನೀಲಿಯಿಂದ 6,500, ಬಿಳಿಯಿಂದ 6,000, ಕೆಂಪಿನಿಂದ 5,250. ಮೈದಾನ ಒಂದೇ, ಗುಂಡಿಗಳೂ ಅವೇ. ಎಲ್ಲಿಂದ ಹೊರಡಬೇಕೆಂಬುದು ನಮ್ಮ ನಮ್ಮ ವಿವೇಕಕ್ಕೆ ಬಿಟ್ಟದ್ದು. ತಡೆಯುವವರು ಯಾರೂ ಇಲ್ಲ. ತಡೆದರೂ ಕೇಳುತ್ತೇವೆಯೇ? ನ್ಯೂಯಾರ್ಕ್ ಬಳಿಯ ಬೆತ್‌ಪೇಜ್ ಬ್ಲ್ಯಾಕ್ ಎಂಬ ಸಾರ್ವಜನಿಕ ಮೈದಾನದ ಮೊದಲ ಟೀ ಬಳಿ, ಇದು ಬಹಳ ಕಷ್ಟದ ಮೈದಾನ, ನುರಿತವರು ಮಾತ್ರ ಆಡುವುದು ಒಳ್ಳೆಯದು ಎಂದು ಫಲಕವನ್ನೇ ಹಾಕಿದ್ದಾರೆ. ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಆಡಲು ಹೋಗುತ್ತಾರೆ.

ನನ್ನ ಬ್ಯಾಗ್ ಹೊತ್ತಿದ್ದ ಕ್ಯಾಡಿಗೆ ಅರವತ್ತರ ಹತ್ತಿರ ವಯಸ್ಸು. ದೊಡ್ಡಬಳ್ಳಾಪುರದ ಕಡೆಯವರು. ನಾನು ಎರಡು ಸಲ ಗಾಳಿಯಲ್ಲಿ ಬೀಸಿದ್ದನ್ನು ನೋಡಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸರ್, ಬಿಳಿಯಿಂದ ಆಡಿದರೆ ಚೆನ್ನಾಗಿರುತ್ತದೆ" ಎಂದರು. ನಾನು ಕೇಳಿಸದವನಂತೆ ಮೊಳೆ ಊರಿದೆ. ಎರಡನೆಯ ಸಲ ಅವರು ಹೇಳಲಿಲ್ಲ.

ಒಂಬತ್ತು ಹೋಲ್‌ಗಳ ಪುರಾಣವನ್ನೆಲ್ಲ ಹೇಳುವುದಿಲ್ಲ. ಎರಡನ್ನು ಮಾತ್ರ ಹೇಳುತ್ತೇನೆ.

ಮೂರನೆಯ ಹೋಲ್‌ನಲ್ಲಿ ಎದುರಿಗೇ ಕೆರೆ. ನೀಲಿಯಿಂದ ಹೊಡೆದರೆ ಚೆಂಡು ನೆಲ ಮುಟ್ಟದೆ 170 ಗಜ ಹಾರಬೇಕು. ಅತಿ ದೂರ ಹೊಡೆಯುವ ಕೋಲಾದ ಡ್ರೈವರ್ ಹಿಡಿದರೂ ನನ್ನ ಹೊಡೆತ ಉರುಳಿಕೆಯೂ ಸೇರಿ 200 ಗಜ, ಅದೂ ಬೆಂಗಳೂರಿನ ಕೃಪೆಯಿಂದ. ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಇಲ್ಲಿನ ಗಾಳಿ ತೆಳು, ಚೆಂಡು ಚೆನ್ನೈಗಿಂತ ಇಲ್ಲಿ ತುಸು ಹೆಚ್ಚೇ ಓಡುತ್ತದೆ. ಮೊದಲನೆಯ ಚೆಂಡು ಕೆರೆಗೆ ಹೋಯಿತು. ಎರಡನೆಯದಕ್ಕೆ ಮೊಳೆ ಊರುತ್ತಿದ್ದಾಗ ಕ್ಯಾಡಿ ತಮ್ಮ ಕ್ಯಾನ್ವಾಸ್ ಶೂವಿನ ತುದಿಯಿಂದ ನೆಲ ತೋರಿಸಿದರು. ಎರಡು ನೀಲಿ ಗುರುತುಗಳ ನಡುವೆ ಗೆರೆ ಎಳೆದಂತೆ ಭಾವಿಸಿದರೆ, ನನ್ನ ಮೊಳೆ ಅದಕ್ಕಿಂತ ಒಂದು ಗೇಣು ಮುಂದಿತ್ತು. ಗೆರೆಯಿಂದ ಹಿಂದಕ್ಕೆ ಎರಡು ಕ್ಲಬ್ (ಆಡುವ ಕೋಲು) ಉದ್ದದಷ್ಟು ಸರಿಯಬಹುದು, ಮುಂದಕ್ಕೆ ಕೂದಲೆಳೆಯಷ್ಟೂ ಇಲ್ಲ. ಸ್ಪರ್ಧೆಯಾಗಿದ್ದರೆ ಎರಡು ಹೊಡೆತಗಳ ದಂಡ. ನಾನು ಬೇಕೆಂದು ಮಾಡಿದ್ದಲ್ಲ. ಬಾಯಿ ನೀಲಿ ಎಂದಿದ್ದರೂ ಕೈ ತನ್ನಷ್ಟಕ್ಕೆ ಮುಂದಿನ ಕಟ್ಟೆಯನ್ನು ಹುಡುಕುತ್ತಿತ್ತು. ಆ ಚೆಂಡೂ ಕೆರೆಗೇ ಹೋಯಿತು.

ಏಳನೆಯದು 410 ಗಜದ ಪಾರ್ ನಾಲ್ಕು. ಕೆರೆಯಿಲ್ಲ, ಕಾಡಿಲ್ಲ, ನೇರ ದಾರಿ. ಅಲ್ಲೇ ನನಗೆ ಹೆಚ್ಚು ಬೇಸರವಾದದ್ದು. ಡ್ರೈವರ್ ಅಂದವಾಗಿ ಬಿತ್ತು, 200 ಗಜ. ಡ್ರೈವರ್‌ಗಿಂತ ತುಸು ಕಡಿಮೆ ದೂರದ ಕ್ಲಬ್ ಆದ ಮೂರನೆಯ ವುಡ್ ತೆಗೆದು ಹೊಡೆದೆ, ಅದೂ ಚೆನ್ನಾಗಿಯೇ 170. ದಿನದ ಅತ್ಯುತ್ತಮ ಎರಡು ಹೊಡೆತಗಳು ಒಂದರ ಹಿಂದೆ ಒಂದು ಬಂದಿದ್ದವು. ಗುಂಡಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್, ಇನ್ನೂ 40 ಗಜ ದೂರ. ಪಾರ್ ನಾಲ್ಕು ಎಂದರೆ ಎರಡು ಹೊಡೆತಕ್ಕೆ ಗ್ರೀನ್ ತಲುಪಿ ಎರಡು ಪಟ್‌ಗೆ (ಮೆಲ್ಲಗೆ ಉರುಳಿಸುವ ಹೊಡೆತ) ಗುಂಡಿಗೆ ಹಾಕಬೇಕೆಂಬ ಲೆಕ್ಕ. ನಾನು ಸರಿಯಾಗಿ ಆಡಿದರೂ ಆ ಲೆಕ್ಕ ನನಗೆ ಹೊಂದುವುದಿಲ್ಲ. ತಪ್ಪು ಮಾಡಿ ಸೋಲುವುದು ಸಹಜ. ತಪ್ಪೇ ಮಾಡದೆ ಸೋಲುವುದೆಂದರೆ ಸಣ್ಣ ಏಣಿ ಹಾಕಿಕೊಂಡು ತೆಂಗಿನಕಾಯಿಗೆ ಕೈಚಾಚಿದಂತೆ.

ಒಂಬತ್ತು ಮುಗಿದಾಗ 62 ಹೊಡೆತ, ಕಳೆದುಹೋದ ಚೆಂಡು ಏಳು. ಹಿಂದಿನ ತಂಡದವರು ಪ್ರತಿ ಹೋಲ್‌ನಲ್ಲೂ ಸೊಂಟಕ್ಕೆ ಕೈಕೊಟ್ಟು ಕಾಯುತ್ತಿದ್ದರು. ನಡುವೆ ಸಿಗುವ ಗುಡಿಸಲಿನಂಥ ಅಂಗಡಿಯಲ್ಲಿ ಕಾಫಿ ಕುಡಿಯಲು ನಿಂತಾಗ ಕ್ಯಾಡಿ ಕೇಳಿದರು.

"ಸರ್, ಐದನೇ ಐರನ್ ಎಷ್ಟು ಹೋಗುತ್ತದೆ?"

"160."

"ಯಾವಾಗಲೂ ಹೋಗುವುದಾ, ಒಂದು ಸಲ ಹೋಗಿದ್ದಾ?"

ಕಾಫಿ ಬಿಸಿಯಿತ್ತು, ಒಂದು ಗುಟುಕು ಕುಡಿದು ಯೋಚಿಸಿದೆ. "145 ಎನ್ನಿ."

ಅವರು ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಸ್ಕೋರ್ ಕಾರ್ಡಿನ ಅಂಚಿನಲ್ಲಿ ಗುಣಾಕಾರ ಮಾಡಿದರು. 145, ಗುಣಿಸು 36. ಐದನೇ ಐರನ್ ಎಂಬ ನಡುದೂರದ ಕ್ಲಬ್ ಹೊಡೆಯುವ ದೂರವನ್ನು ಮೂವತ್ತಾರರಿಂದ ಗುಣಿಸಿದರೆ ಬರುವಷ್ಟು ಗಜದ ಮೈದಾನ ನಮಗೆ ಸರಿ, ಇದು ಗಾಲ್ಫ್ ಆಡುವವರ ಹಳೆಯ ಲೆಕ್ಕ. ಬಂದದ್ದು 5,220. ಪೆನ್ಸಿಲ್ ತುದಿ ಕಾರ್ಡಿನ ಮೇಲೆ ನೀಲಿಯ ಸಾಲನ್ನು ದಾಟಿತು, ಬಿಳಿಯ ಸಾಲನ್ನೂ ದಾಟಿತು, ಕೆಂಪಿನ ಬಳಿ ನಿಂತಿತು. ಬೆಳಗ್ಗೆ ಬಿಳಿ ಎಂದದ್ದು ಬರಿಯ ದಾಕ್ಷಿಣ್ಯಕ್ಕೆ ಎಂದು ಆಗ ಗೊತ್ತಾಯಿತು.

ಕೆಂಪು ಟೀಯನ್ನು ನಮ್ಮ ಮೈದಾನಗಳಲ್ಲಿ ಎಲ್ಲರೂ ಲೇಡೀಸ್ ಟೀ ಎನ್ನುತ್ತಾರೆ. ನಿಯಮದಲ್ಲಿ ಹಾಗೆಲ್ಲೂ ಇಲ್ಲ. ಮೊಳೆಗೂ ಕಟ್ಟೆಗೂ ಗಂಡು ಹೆಣ್ಣೆಂಬುದಿಲ್ಲ. ಆದರೂ ಗಂಡಸರು ಬಿಸಿಲಲ್ಲಿ ಏಳು ಚೆಂಡು ಕಳೆದುಕೊಂಡಾರು, ಕೆಂಪಿನತ್ತ ಮಾತ್ರ ಕಾಲಿಡಲಾರರು. ನಮ್ಮ ತಂಡದಲ್ಲಿ ಅಲ್ಲಿಂದ ಆಡುತ್ತಿದ್ದವರು ಒಬ್ಬರೇ, ನನ್ನ ಸಹೋದ್ಯೋಗಿ. ಆಗಲೇ ಅವರು ನಮ್ಮ ಮೂವರಿಗಿಂತ ಮುಂದಿದ್ದರು. ನಾನು ಕಾರ್ಡ್ ಹಿಡಿದು ಅತ್ತಿತ್ತ ನೋಡುತ್ತಿದ್ದುದನ್ನು ಗಮನಿಸಿ, "ಬನ್ನಿ ಸರ್, ಅಲ್ಲಿ ನೆರಳೂ ಇದೆ" ಎಂದರು.

ನನಗೆ ನೆನಪಾದದ್ದು ಚಿನ್ನಿದಾಂಡು. ತಿಪಟೂರಿನ ನಮ್ಮ ಬೀದಿಯಲ್ಲಿ ದೊಡ್ಡ ಹುಡುಗರು ಆಡುವಾಗ ನಾನು ಅಳುತ್ತೇನೆಂದು ಸೇರಿಸಿಕೊಳ್ಳುತ್ತಿದ್ದರು. ನನಗೆ ಹತ್ತಿರದ ಗುರಿ, ಎರಡು ಹೆಚ್ಚಿನ ಅವಕಾಶ. ಸೋತರೂ ಸೋಲಲ್ಲ, ಗೆದ್ದರೂ ಗೆಲುವಲ್ಲ. "ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಅಣ್ಣ ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಿದ್ದ. ಒಂದು ಸಲ ನಾನು ಹೊಡೆದ ಚಿನ್ನಿ ಹನುಮಂತರಾಯನ ಗುಡಿಯ ಗೋಡೆಯವರೆಗೆ ಹೋಗಿತ್ತು. ಯಾರೂ ಅಳೆಯಲಿಲ್ಲ.

ಕ್ಯಾಡಿಗೆ ನಗುತ್ತಲೇ, "ಕೊನೆಗೆ ನನ್ನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡಿದಿರಲ್ಲ ಅಣ್ಣ" ಎಂದೆ.

"ಲೆಕ್ಕಕ್ಕೂ ಉಂಟು ಸರ್" ಎಂದು ಅವರು ಕಾರ್ಡ್ ತಿರುಗಿಸಿದರು. ಒಂದೊಂದು ಬಣ್ಣದ ಎದುರೂ ಎರಡು ಅಂಕಿ, ರೇಟಿಂಗ್ ಮತ್ತು ಸ್ಲೋಪ್. ಪಳಗಿದ ಆಟಗಾರನಿಗೆ ಆ ಟೀಯಿಂದ ಎಷ್ಟು ಹೊಡೆತ ಬೇಕಾದೀತು ಎಂಬುದು ಮೊದಲನೆಯದು. ಅವನಿಗೆ ಹೋಲಿಸಿದರೆ ನನ್ನಂಥವನು ಎಷ್ಟು ಹೆಚ್ಚು ಒದ್ದಾಡಬೇಕಾದೀತು ಎಂಬುದು ಎರಡನೆಯದು. ಸ್ಲೋಪ್ 55ರಿಂದ 155ರವರೆಗೆ ಇರುತ್ತದೆ, 113 ಎಂದರೆ ನಡುಮಟ್ಟ. ಆಟಗಾರನ ಮಟ್ಟ ನೋಡಿ ಅವನ ಲೆಕ್ಕದಿಂದ ಕೆಲವು ಹೊಡೆತ ಕಳೆಯುವ, 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಈ ಅಂಕಿಗಳ ಮೇಲೆಯೇ ನಿಂತಿದೆ. ಕೆಂಪಿನಿಂದ ಆಡಿದರೆ ನನಗೆ ಸಿಗುವ ರಿಯಾಯಿತಿ ಹೊಡೆತಗಳು ಕಡಿಮೆ, ನೀಲಿಯಿಂದಾದರೆ ಹೆಚ್ಚು. ಎಲ್ಲಿಂದ ಹೊರಟರೂ ಅಳತೆ ಉಂಟು. ಸ್ಪರ್ಧೆಯಲ್ಲಾದರೆ ನಡುವೆ ಟೀ ಬದಲಿಸಲು ಬರುವುದಿಲ್ಲ. ನಮ್ಮದು ಬರಿಯ ಶನಿವಾರದ ಆಟ.

ಹತ್ತನೆಯ ಹೋಲ್‌ಗೆ ಕೆಂಪು ಕಟ್ಟೆ ಹತ್ತಿದೆ. ಬೆಳಗಿನಿಂದ ನಾನು ಮೊಳೆಯನ್ನು ಅಂದಾಜಿನ ಮೇಲೆ ಚುಚ್ಚುತ್ತಿದ್ದೆ. ಒಮ್ಮೆ ನೆಲಕ್ಕೆ ಅಂಟಿದಂತೆ, ಒಮ್ಮೆ ಕೊಕ್ಕರೆಯ ಕಾಲಿನಂತೆ. ನಿಯಮ ನಾಲ್ಕು ಇಂಚಿನ ಮೊಳೆಯವರೆಗೂ ಒಪ್ಪುತ್ತದೆ, ಅಂಗಡಿಯವರು ಉದ್ದನೆಯದನ್ನೇ ಮಾರುತ್ತಾರೆ. ಕ್ಯಾಡಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಚೆಂಡಿನ ಸಮೇತ ಅಂಗೈಯಲ್ಲಿ ಹಿಡಿದು, ನೆಲಕ್ಕೆ ಒತ್ತಿದರು. ಡ್ರೈವರನ್ನು ಪಕ್ಕಕ್ಕೆ ಇಟ್ಟು ತೋರಿಸಿದರು. ಅದರ ತಲೆಯ ಮೇಲಂಚಿನಿಂದ ಅರ್ಧ ಚೆಂಡು ಮೇಲೆ ಕಾಣುತ್ತಿತ್ತು, ಗುಡ್ಡದ ಹಿಂದೆ ಹುಟ್ಟುವ ಸೂರ್ಯನಂತೆ. "ಇಷ್ಟೇ. ಐರನ್ ಆದರೆ ಪೂರ್ತಿ ಒತ್ತಿಬಿಡಿ, ಹುಲ್ಲಿನ ಮೇಲೆ ಕೂತ ಹಾಗೆ ಇರಲಿ."

ಹೊಡೆದೆ. ಚೆಂಡು ನೆಟ್ಟಗೆ ಹೋಗಿ, ಬಲಗಡೆಯ ಬಂಕರಿನ ಮರಳಿಗೆ ಬಿತ್ತು. ನಮ್ಮ ಹಿರಿಯರು ಹಿಂದಿನಿಂದ ನಕ್ಕರು. ನನಗೆ ಮಾತ್ರ ಒಳಗೊಳಗೇ ಹಿಗ್ಗು. ಬೆಳಗಿನಿಂದ ಅಂಥ ಬಂಕರುಗಳ ಹತ್ತಿರಕ್ಕೂ ನನ್ನ ಮೊದಲ ಹೊಡೆತ ಸುಳಿದಿರಲಿಲ್ಲ. ಅವು ಬೇರೆ ಯಾರಿಗೋ ತೋಡಿದ ಹಳ್ಳಗಳಾಗಿದ್ದವು. ಮೈದಾನ ಕಟ್ಟಿದವನು ಈಗಷ್ಟೇ ನನ್ನನ್ನು ಗಮನಿಸಿ, ಇವನು ಇಲ್ಲಿ ಬೀಳಲಿ ಎಂದು ಯೋಚಿಸಿದಂತಿತ್ತು.

ಹದಿಮೂರನೆಯದರಲ್ಲಿ 325 ಗಜ. ಡ್ರೈವರ್ 195 ಹೋಯಿತು, ಉಳಿದದ್ದು 130. ಕ್ಯಾಡಿ ಕೇಳದೆಯೇ ಏಳನೇ ಐರನ್ ಕೊಟ್ಟರು. ಎರಡನೆಯ ಹೊಡೆತಕ್ಕೆ ಐರನ್ ಹಿಡಿದು ಗ್ರೀನ್ ನೋಡುತ್ತಾ ನಿಂತದ್ದು ಪಾರ್ ನಾಲ್ಕರಲ್ಲಿ ಅದೇ ಮೊದಲು. ಚೆಂಡು ಗ್ರೀನ್ ಮೇಲೆ ಬಿತ್ತು. ಎರಡು ಪಟ್. ಪಾರ್. ಸಹೋದ್ಯೋಗಿ ಕೈ ಚಾಚಿ ಮುಷ್ಟಿಗೆ ಮುಷ್ಟಿ ತಾಗಿಸಿದರು. ಹದಿನಾಲ್ಕರಲ್ಲಿ ಎಂಟು ಹೊಡೆದೆ, ಅದು ಬೇರೆ ಕಥೆ.

ದಾರಿಯಲ್ಲಿ ಕ್ಯಾಡಿ ಅದಿತಿ ಅಶೋಕ್ ಮಾತೆತ್ತಿದರು. ನಮ್ಮ ಬೆಂಗಳೂರಿನ ಹುಡುಗಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ಬ್ಯಾಗ್ ಹೊತ್ತವರು ತಾಯಿ. ಡ್ರೈವರ್ ದೂರದಲ್ಲಿ ಅವರು ಹೆಚ್ಚು ಕಡಿಮೆ ಕೊನೆಯ ಸಾಲಿನವರು. ಆದರೂ ಪಟರ್ ಬಲದಿಂದ ನಾಲ್ಕನೆಯ ಸ್ಥಾನ, ಪದಕ ಕೈತಪ್ಪಿದ್ದು ಕೂದಲೆಳೆಯಲ್ಲಿ. "ಅವರಿಗೆ ತಮ್ಮ ದೂರ ಎಷ್ಟು ಎಂದು ಗೊತ್ತು ಸರ್" ಎಂದರು. ಕ್ಯಾಡಿಗಳು ಯಾವುದನ್ನೂ ಸುಮ್ಮನೆ ಹೇಳುವುದಿಲ್ಲ.

ಮನೆಗೆ ಬಂದ ಮೇಲೆ ಓದಿದೆ. ಅಮೆರಿಕದಲ್ಲಿ 2011ರಲ್ಲಿ ಅಲ್ಲಿನ ಗಾಲ್ಫ್ ಸಂಸ್ಥೆಗಳೇ ಸೇರಿ, ಮುಂದಿನ ಟೀಯಿಂದ ಆಡಿ ಎಂದು ಜನರಿಗೆ ಬುದ್ಧಿ ಹೇಳುವ ಅಭಿಯಾನ ನಡೆಸಿದ್ದವು. ಗಾಲ್ಫ್ ಕ್ಲಬ್ ತಯಾರಿಸುತ್ತಿದ್ದ ಬಾರ್ನಿ ಆಡಮ್ಸ್ ಅವರದು ಆ ಯೋಚನೆ. ಡ್ರೈವರ್ 300 ಗಜ ಹೊಡೆಯುವವರಿಗೆ 7,150ರಿಂದ 7,400 ಗಜದ ಮೈದಾನ, 250 ಹೊಡೆಯುವವರಿಗೆ 6,200ರಿಂದ 6,400, 200 ಹೊಡೆಯುವವರಿಗೆ 5,200ರಿಂದ 5,400 ಎಂದು ಅವರ ಪಟ್ಟಿ. ಕಿವಿಯ ಮೇಲಿನ ಪೆನ್ಸಿಲ್ ಹೇಳಿದ್ದನ್ನೇ ಅದೂ ಹೇಳುತ್ತಿತ್ತು.

ಮತ್ತೆ ಮೈದಾನಕ್ಕೆ ಬರೋಣ, ಹದಿನೆಂಟನೆಯ ಹೋಲ್. ಎರಡನೆಯ ಒಂಬತ್ತರಲ್ಲಿ ನನ್ನದು ಕೊನೆಗೆ 50 ಆಯಿತು, ಚೆಂಡು ಕಳೆದದ್ದು ಒಂದೇ. ನಮ್ಮ ಹಿರಿಯರು ಮಾತ್ರ ನೀಲಿಯನ್ನು ಬಿಟ್ಟಿರಲಿಲ್ಲ. ಬಿಸಿಲು ಏರಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಬಲವೆಲ್ಲ ಹಾಕಿ ಬೀಸಿದರು. ಚೆಂಡಿನ ನೆತ್ತಿಗೆ ತಾಗಿತು. ಅದು ಕುಪ್ಪಳಿಸುತ್ತಾ, ಉರುಳುತ್ತಾ ಬಂದು, ಕೆಂಪು ಗುರುತಿಗೆ ಆರೇಳು ಹೆಜ್ಜೆ ಹಿಂದೆ ನಿಂತಿತು. ಎಲ್ಲರೂ ಇಳಿದು ಬಂದೆವು. ಅವರು ತಮ್ಮ ಚೆಂಡಿನ ಪಕ್ಕ, ನಾನು ನನ್ನ ಮೊಳೆಯ ಪಕ್ಕ.

"ನಿಮ್ಮದು ಎಷ್ಟನೆಯದು?" ಎಂದು ಅವರೇ ಕೇಳಿದರು.

"ಮೊದಲನೆಯದು ಸರ್."

ಹಣೆ ಒರೆಸಿಕೊಂಡು, ಕ್ಲಬ್ಬನ್ನು ಊರುಗೋಲಿನಂತೆ ಊರಿ, ಕ್ಯಾಡಿಯ ಕಡೆ ತಿರುಗಿದರು. "ಅದೇನೋ ಐದನೇ ಐರನ್ ಲೆಕ್ಕ ಹೇಳುತ್ತಿದ್ದಿರಲ್ಲ?"